ಬಣ್ಣ ಕೆರೆಯದ ಫ್ಯಾನು

ಓಡುವ ಫ್ಯಾನನ್ನು ಬರಿಗೈಯಲ್ಲಿ ಹಿಡಿದು ನಿಲ್ಲಿಸಿದವನು ನಮ್ಮ ಕಡೆ ನಾನೊಬ್ಬನೇ. ಕಂಡವರೆಲ್ಲ ಕಾಲವಾದರು, ಬೇಕಾದರೆ ಹೋಗಿ ಕೇಳಿಕೊಂಡು ಬನ್ನಿ. ಈಗ ಹೇಳುವುದು ನನ್ನ ಷಡ್ಡಕನ ಮಾತು. ಹಳೇ ಫ್ಯಾನುಗಳನ್ನು ಹುಡುಕಿ ಹುಡುಕಿ ತರುವ ಹುಚ್ಚು ಅವನಿಗೆ.

ಮನೆಯಲ್ಲಿ ಹನ್ನೊಂದು ಫ್ಯಾನು. ತಿರುಗುವುದು ಒಂದೂ ಇಲ್ಲ. ತಂದದ್ದೇ ತಡ ಗೋಡೆಯ ಪ್ಲಗ್ಗಿಗೆ ಚುಚ್ಚುತ್ತಿದ್ದ. ಜೂಂ ಅನ್ನುತ್ತಿತ್ತು, ಆಮೇಲೆ ಫಟ್... ಸುಟ್ಟ ವಾಸನೆ. ಗೋಡೆಯಲ್ಲಿ ಬರುವುದು ಇನ್ನೂರಮೂವತ್ತು ವೋಲ್ಟು. ಒಳಗಿನ ಮೋಟರು ಎಷ್ಟು ತಡೆಯುತ್ತದೆ ಅನ್ನುವುದನ್ನು ಬುಡದ ತಗಡಿನ ಮೇಲೆ ಕೊರೆದಿರುತ್ತಾರೆ. ಆ ತಗಡಿನ ಮೇಲೆ ಇನ್ಯಾರೋ ಬಣ್ಣ ಬಳಿದಿರುತ್ತಾರೆ. ಹಳೇ ಬಣ್ಣ ಕೆರೆದರೆ ಫ್ಯಾನಿನ ಮರ್ಯಾದೆ ಹೋಯಿತು ಅಂತ ಇವನ ಹಟ. ಅಂದಾಜಿನಲ್ಲೇ ಚುಚ್ಚುವುದು, ಸುಡುವುದು, ತಲೆ ಚಚ್ಚಿಕೊಳ್ಳುವುದು.

"ಹನ್ನೊಂದು ಫ್ಯಾನಿರೋ ಮನೇಲಿ ರಟ್ಟು ಬೀಸ್ಕೊಂಡು ಮಲಗ್ತೀನಿ," ಅಂದಳು ಅವನ ಹೆಂಡತಿ, ಅಂದರೆ ನನ್ನ ನಾದಿನಿ. "ಇನ್ನೊಂದು ಸುಟ್ರೆ ಎಲ್ಲಾ ಗುಜರಿಗೆ. ನಿಮ್ಮನ್ನೂ ಸೇರಿಸಿ."

ಹನ್ನೆರಡನೆಯದನ್ನು ಹೊತ್ತು ಬರುವಾಗ ರಾತ್ರಿ ಬಹಳವಾಗಿತ್ತು. ಬಾಗಿಲು ಹಾಕಿದ ಛಾಪಾಖಾನೆಯದು, ಮೈಯೆಲ್ಲ ಹಸಿರು ಬಣ್ಣ. ಹೆಗಲ ಮೇಲಿಟ್ಟುಕೊಂಡು ದಾರಿಯ ಬಾವಿ ಹತ್ತಿರ ಬಂದ. ಗಾಳಿಯಿಲ್ಲ. ಆದರೂ ರೆಕ್ಕೆ ಜಾಲರಿಗೆ ತಾಗಿ... ಟಿಕ್... ಟಿಕ್... ಬಾವಿಯ ರಾಟೆ ಕಿರ್ರ್ ಅಂದಿತು.

"ಎಷ್ಟು ವೋಲ್ಟು?" ಕಟ್ಟೆಯ ಕಡೆಯಿಂದ ಪಿಸುಮಾತು.

ಇವನು ಫ್ಯಾನನ್ನು ಬಿಗಿಯಾಗಿ ಹಿಡಿದುಕೊಂಡ. "ಗೊ... ಗೊತ್ತಿಲ್ಲ."

"ಕೆರೆದು ನೋಡು."

"ಬಣ್ಣ ಕೆಡತ್ತೆ."

"ಬಿಟ್ರೆ ಮೋಟರಿನ ಸುರುಳಿ ಸುಡತ್ತೆ."

ಹೆದರಿಕೆಗಿಂತ ಸಿಟ್ಟೇ ಮುಂದೆ ಬಂತು ಅವನಿಗೆ. ಮನೇಲಿ ಅವಳು, ದಾರೀಲಿ ಇದು... ಬುದ್ಧಿ ಹೇಳುವವರೇ ಎಲ್ಲ. "ನಿಂದೇನು ಗಂಟು ಹೋಗತ್ತೆ?" ಅಂದ.

ಕಿವಿಯ ಪಕ್ಕದಲ್ಲೇ... ಕರ್... ಕರ್... ಉಗುರಿನಿಂದ ತಗಡು ಕೆರೆಯುವ ಸದ್ದು. ತಿರುಗಿ ನೋಡದೆ ಓಡಿದ.

ಮನೆಗೆ ಬಂದು ದೀಪ ಹಾಕಿದರೆ, ತಗಡು ಬೆಳ್ಳಗೆ ಹೊಳೆಯುತ್ತಿದೆ. ನೂರಹತ್ತು ವೋಲ್ಟು. ಚಾಕು ತೆಗೆದುಕೊಂಡು ಉಳಿದ ಹನ್ನೊಂದನ್ನೂ ಕೆರೆದ. ಎಲ್ಲಕ್ಕೂ ನೂರಹತ್ತೇ. ಎರಡು ಪಾಲು ಕರೆಂಟು ಕುಡಿಸಿ ಕುಡಿಸಿ ಕೊಂದೆನಲ್ಲ ಅಂತ ನೆಲಕ್ಕೆ ಕುಸಿದು ಕೂತ. ಆಮೇಲೆ ಎದ್ದು, ಹನ್ನೆರಡನೆಯದರ ತಂತಿಯ ನಡುವೆ ದೊಡ್ಡ ಬಲ್ಬೊಂದನ್ನು ಕಟ್ಟಿದ, ಅರ್ಧ ಜೋರನ್ನು ಅದು ನುಂಗಿಕೊಳ್ಳಲಿ ಅಂತ. ಗುಂಡಿ ಒತ್ತಿದ. ಬಲ್ಬು ಮಂಕಾಗಿ ಕೆಂಪಾಯಿತು. ಫ್ಯಾನು ಗುರ್ರ್ ಅಂದು... ತಿರುಗಿತು. ನಾದಿನಿ ರಟ್ಟು ಕೆಳಗಿಟ್ಟಳು. ಗಾಳಿಗೆ ಮುಖ ಕೊಟ್ಟು ಮಲಗಿದಳು.

ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಹಸಿರು ಬಣ್ಣದ ಚೂರುಗಳು, ಒಂದು ಹಿಡಿಯಷ್ಟು. ಷಡ್ಡಕ ಅಲ್ಲಿ ಫ್ಯಾನನ್ನು ಹೆಗಲಿಂದ ಇಳಿಸಿಯೇ ಇರಲಿಲ್ಲ. ನಾನೇ ಕಣ್ಣಾರೆ ನೋಡಿದೆ.

"ನೀವೆಲ್ಲಿ ನೋಡಿದ್ರಿ?" ಒಳಗಿನಿಂದ ನನ್ನವಳ ದನಿ. "ಆ ತಿಂಗಳೆಲ್ಲ ಕಾಲು ಮುರ್ಕೊಂಡು ಆಸ್ಪತ್ರೇಲಿ ಬಿದ್ದಿದ್ರಿ."

ಭುಜ ಕುಣಿಸಿದೆ. ಸರಿ, ನಾನಿರಲಿಲ್ಲ. ಚೂರುಗಳಿದ್ದವು.