ಫ್ಲಾಸ್ಕಿನ ನೊರೆ

ಮಾನ್ಯ ಅಧ್ಯಕ್ಷರೇ, ಮಣಿಪಾಲದಿಂದ ಬಂದಿರುವ ಅತಿಥಿಗಳೇ, ಸಹೋದ್ಯೋಗಿ ಮಿತ್ರರೇ, ನಾಳೆ ಪರೀಕ್ಷೆ ಇದ್ದರೂ ಬಂದು ಕೂತ ವಿದ್ಯಾರ್ಥಿಗಳೇ, ಸಭಿಕರೇ,

ಕಾರ್ಕಳದ ಈ ಏಪ್ರಿಲ್ ಸೆಖೆಯಲ್ಲಿ ನನಗೆ ಶಾಲು ಹೊದಿಸಿದ್ದೀರಿ. ಪ್ರೀತಿಗೆ ಕೃತಜ್ಞ. ಶಾಲನ್ನು ಮಾತ್ರ ಮಡಿಸಿ ಕುರ್ಚಿಯ ಮೇಲೆ ಇಟ್ಟಿದ್ದೇನೆ, ಕ್ಷಮಿಸಿ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾವನ್ನು ಕಂಡುಹಿಡಿದವರು ಎಂದು ಅತಿಥಿಗಳು ನನ್ನನ್ನು ಹೊಗಳಿದರು. ನಿವೃತ್ತಿಯ ದಿನದ ಹೊಗಳಿಕೆಯನ್ನು ಯಾರೂ ತಿದ್ದುವುದಿಲ್ಲ. ನಾನು ತಿದ್ದಬೇಕಾಗಿದೆ.

ಅದು 1999. ಕಾಪುವಿನಲ್ಲಿ ದೋಣಿ ನಿಲ್ಲಿಸುವ ಕಡೆ ಮರಳು ಡೀಸೆಲ್ ಕುಡಿದು ಕಪ್ಪಾಗಿತ್ತು. ಮೀನು ಮಾರುವ ಗುಣವತಿಯಕ್ಕ ಕೇಳಿದರು, "ಎಂತ ಮಾಸ್ಟ್ರೇ, ಮೀನು ಡೀಸೆಲ್ ವಾಸನೆ ಬರ್ತದೆ ಅಂತ ಜನ ವಾಪಸ್ ಕೊಡ್ತಾರೆ. ಕಲಿತವರು ನೀವು, ಇದಕ್ಕೆ ದಾರಿ ಉಂಟಾ?" ಒಂದು ಡಬ್ಬಿ ಮರಳು ತಂದೆ. ಡೀಸೆಲ್ ಬೆರೆಸಿದ ನೀರಿನಲ್ಲಿ ಅದರ ಬ್ಯಾಕ್ಟೀರಿಯಾ ಬೆಳೆಸಿದೆ. ಐದನೇ ದಿನ ಫ್ಲಾಸ್ಕು ಕುಲುಕಿದರೆ ನೊರೆಯೋ ನೊರೆ.

ನಾನು ಏನು ಮಾಡಿದೆ? ನಮ್ಮ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ರೇಣುಕವ್ವನನ್ನು ಕರೆದೆ. ಬಾಗಲಕೋಟೆ ಕಡೆಯಿಂದ ಬಂದವರು. ಮೂವತ್ತು ವಿದ್ಯಾರ್ಥಿಗಳ ಎದುರು, "ಸೋಪು ಹಾಗೇ ಉಂಟಲ್ಲ, ನಿನಗೆ ತೊಳೆಯಲಿಕ್ಕೂ ಬರುವುದಿಲ್ವಾ?" ಎಂದು ಬೈದೆ. ಎಲ್ಲವನ್ನೂ ಚೆಲ್ಲಿಸಿದೆ. ಮತ್ತೆ ಬೆಳೆಸಿದೆ, ಮತ್ತೆ ನೊರೆ, ಮತ್ತೆ ಬೈಗುಳ. ಮೂರನೇ ಸಲ ಅವರು ಒಂದು ಖಾಲಿ ಡಬ್ಬಿಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು.

"ಸೋಪಿನ ಪುಡಿ ಮುಗದು ತಿಂಗಳಾತ್ರೀ ಸರ. ಬರೇ ಬಿಸಿನೀರಾಗ ತೊಳ್ಯಾಕ್ಹತ್ತೀನಿ. ಪುಡಿ ತರ್ಸೋ ಚೀಟಿಗೆ ನೀವ ಸಹಿ ಹಾಕಿಲ್ಲ."

ಚೀಟಿ ನನ್ನ ಡ್ರಾಯರಿನಲ್ಲೇ ಇತ್ತು! ಸೋಪೇ ಇಲ್ಲದಿದ್ದರೆ ನೊರೆ ಎಲ್ಲಿಂದ ಬಂತು? ಎಣ್ಣೆಯನ್ನು ಹನಿಹನಿಯಾಗಿ ಒಡೆದು ತಿನ್ನಲಿಕ್ಕೆ ಬ್ಯಾಕ್ಟೀರಿಯಾ ತಾನೇ ಸೋಪಿನಂಥದ್ದನ್ನು ತಯಾರಿಸುತ್ತಿತ್ತು. ಎರಡು ಸಲ ನಾನು ಚರಂಡಿಗೆ ಚೆಲ್ಲಿಸಿದ್ದು ಅದನ್ನೇ. ನೀರಿನ ಮೇಲೆ ಡೀಸೆಲ್ ಹರಡಿ, ಫ್ಲಾಸ್ಕಿನ ಆ ನೊರೆನೀರಿನ ಒಂದು ತೊಟ್ಟು ಬಿಟ್ಟು ನೋಡಿದೆವು. ಡೀಸೆಲ್ ಸುತ್ತಲೂ ಹಿಂದೆ ಸರಿಯಿತು. ಆ ಬ್ಯಾಕ್ಟೀರಿಯಾವನ್ನು ಬೆಳೆಸಿ ಕಾಪುವಿನ ಮರಳಿಗೆ ಬಿಟ್ಟೆವು. ಎರಡು ವರ್ಷದ ಮೇಲೆ ಅಲ್ಲಿನ ಒಂದು ತುಂಡು ಜಾಗದ ಮರಳಾದರೂ ವಾಸನೆ ಬಿಟ್ಟಿತು.

ಪ್ರಬಂಧ ಅಚ್ಚಾಯಿತು. ಕೊನೆಯಲ್ಲಿ ಹನ್ನೊಂದು ಮಂದಿಗೆ ಕೃತಜ್ಞತೆ ಹೇಳಿದೆ, ಫೋಟೋ ತೆಗೆದವರಿಗೂ. ರೇಣುಕವ್ವನ ಹೆಸರಿಲ್ಲ. ಮರೆತದ್ದಲ್ಲ, ಬರೆಯಲು ನಾಚಿಕೆಯಾಯಿತು. ಬೈದದ್ದು ಮೂವತ್ತು ಮಂದಿಯ ಎದುರು. ತಪ್ಪಾಯಿತು ಎಂದದ್ದು ಯಾರೂ ಇಲ್ಲದ ಕಾರಿಡಾರಿನಲ್ಲಿ, ಅದೂ ಅರ್ಧ ಬಾಯಲ್ಲಿ. ಇದು ನ್ಯಾಯವೇ?

ಅದಾಗಿ ಏಳು ವರ್ಷವಾಯಿತು. ಸಭೆ ಮುಗಿದ ಮೇಲೆ ಕುರ್ಚಿ ಮಡಿಸಿಡಲು ಅವರು ಅಲ್ಲಿ ಬಾಗಿಲ ಬಳಿ ನಿಂತಿದ್ದಾರೆ. ಹೊರಗೆ ಹೋಗಬೇಡಿ, ರೇಣುಕವ್ವ. ಇಲ್ಲಿ ಮುನ್ನೂರು ಮಂದಿ ಇದ್ದಾರೆ, ಎಲ್ಲರೂ ಕೇಳಲಿ. ನೀವು ಫ್ಲಾಸ್ಕುಗಳನ್ನು ಚೆನ್ನಾಗಿ ತೊಳೆದಿದ್ದಿರಿ. ಮೂರು ಸಲವೂ ಚೆನ್ನಾಗಿ ತೊಳೆದಿದ್ದಿರಿ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.