ಮುಖಭಾವ ತಟಸ್ಥವಾಗಿರತಕ್ಕದ್ದು

ನಾನು, ಬಸ್ ನಿಲ್ದಾಣದ ಎದುರಿನ ಫೋಟೋ ಸ್ಟುಡಿಯೋದ ಮಾಲೀಕ, ವಯಸ್ಸು ಐವತ್ತೆರಡು, ಕಸುಬು ಫೋಟೋ ತೆಗೆಯುವುದು, ವಾಸ ಅದೇ ಸ್ಟುಡಿಯೋದ ಮಹಡಿಯ ಮೇಲೆ. ಜನ ನನ್ನನ್ನು ಕರೆಯುವುದು ‘ಸ್ವಲ್ಪನಗಿ’ ಎಂದು. ನಿಜವಾದ ಹೆಸರು ಹಿಡಿದು ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ. ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಕೇಳಿದ ಮೇರೆಗೆ, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ತಿಳಿಸಿಕೊಳ್ಳುವುದೇನೆಂದರೆ:

ನನ್ನ ಸ್ಟುಡಿಯೋದಲ್ಲಿ ಇಂದು ಕೊಲೆ ನಡೆದಿಲ್ಲ. ‘ಕೊಂದು ಹಾಕ್ತೀನಿ’ ಎಂಬ ಕೂಗು ಕೇಳಿಸಿತೆಂದು ಪಕ್ಕದ ಟೈರ್ ಅಂಗಡಿಯವರು ಠಾಣೆಗೆ ಫೋನ್ ಮಾಡಿದ್ದು ಸರಿಯೇ. ಕೂಗು ನಿಜ. ಅದರ ಹಿನ್ನೆಲೆ ಹೀಗಿದೆ.

ಮಧ್ಯಾಹ್ನ ಮೂರೂವರೆಗೆ ಬೇಕರಿಯವನು ತನ್ನ ಅತ್ತೆಯೊಂದಿಗೆ ಬಂದನು. ಇವನ ಹೆಂಡತಿ ಹೊರದೇಶದಲ್ಲಿ ಸಿಟಿ ಬಸ್ಸು ಓಡಿಸುತ್ತಾಳೆ. ಹೋಗಿ ಒಂದೂವರೆ ವರ್ಷವಾಯಿತು. ಗಂಡನನ್ನು ಕರೆಸಿಕೊಳ್ಳಲು ವಾಸದ ಪರ್ಮಿಟ್ಟಿಗೆ ಅರ್ಜಿ ಹಾಕಿಸಿದ್ದಾಳೆ. ದಾಖಲೆಗಳೆಲ್ಲ ಪಾಸು, ಫೋಟೋ ಮಾತ್ರ ಎರಡು ಸಲ ವಾಪಸ್ಸು. ಕಾರಣ: ಮುಖಭಾವ ತಟಸ್ಥವಾಗಿರತಕ್ಕದ್ದು. ಆ ದೇಶದವರಿಗೆ ನಗುವವರು ಬೇಡವಂತೆ. ನಗುವುದೇನಿದ್ದರೂ ಒಳಗೆ ಬಂದ ಮೇಲೆ. ಇಂದು ಸಂಜೆ ಐದಕ್ಕೆ ಗಡುವು. ತಪ್ಪಿದರೆ ಅರ್ಜಿ ರದ್ದು, ಮತ್ತೆ ಮೊದಲಿನಿಂದ, ಮತ್ತೊಂದು ವರ್ಷ.

ಬೇಕರಿಯವನ ಮುಖದ ಬಗ್ಗೆ ಎರಡು ಮಾತು ಹೇಳಲೇಬೇಕು. ದೇವರು ಅವನ ಬಾಯಿ ಹೊಲಿಯುವಾಗ ಎರಡೂ ತುದಿಯನ್ನು ಕೊಂಚ ಮೇಲಕ್ಕೆ ಎಳೆದು ಗಂಟು ಹಾಕಿದ್ದಾನೆ. ಸಾಲದ್ದಕ್ಕೆ, ಹೆಂಡತಿಯ ನೆನಪಾದರೆ ಮೂವತ್ತೆರಡೂ ಹಲ್ಲು ಹಾಜರಿ ಕೊಡುತ್ತವೆ. ಕ್ಯಾಮೆರಾ ಕಂಡರೆ ಪರ್ಮಿಟ್ಟಿನ ನೆನಪು, ಪರ್ಮಿಟ್ಟು ಎಂದರೆ ಹೆಂಡತಿಯ ನೆನಪು.

ಹಲ್ಲುನೋವು ನೆನೆಸಿಕೋ ಎಂದೆನು. ಹಲ್ಲು ಕಿರಿದನು. ಒಲೆಯಲ್ಲಿ ಬನ್ನು ಸೀದುಹೋಯಿತು ಅಂದುಕೋ ಎಂದೆನು. ಅವಳು ಸೀದಿದ್ದನ್ನೇ ಆರಿಸಿ ತಿಂತಿದ್ಲು ಅಣ್ಣಾ ಎಂದು ಇನ್ನಷ್ಟು ಅರಳಿದನು. ಲೇ ಅಳಿಯ, ನಿನ್ನ ಮುಖಕ್ಕೆ ಇಸ್ತ್ರಿ ಹಾಕಿಸ್ಲಾ ಎಂದು ಅತ್ತೆಯವರು ವಿಚಾರಿಸಿದರು.

ಸುಮಾರು ನಾಲ್ಕೂ ಹತ್ತಕ್ಕೆ, ಕೊನೆಯ ಅಸ್ತ್ರವಾಗಿ, ಅತ್ತೆಯವರೂ ನಿನ್ನ ಜೊತೆಗೇ ಬರ್ತಾರಂತೆ, ಅಲ್ಲೇ ಇದ್ದುಬಿಡ್ತಾರಂತೆ ಎಂದೆನು. ತಕ್ಷಣ ಮುಖ ತಟಸ್ಥವಾಯಿತು. ಅಂಥ ತಾಟಸ್ಥ್ಯವನ್ನು ನಾನು ಯಾವ ನ್ಯಾಯಾಧೀಶರಲ್ಲೂ ಕಂಡಿಲ್ಲ. ಗುಂಡಿಯ ಮೇಲೆ ಬೆರಳಿಟ್ಟೆನು. ಆಗ ಮೂವತ್ತು ವರ್ಷದ ಅಭ್ಯಾಸಬಲದಿಂದ ನನ್ನ ಬಾಯಿ, ನನ್ನನ್ನೊಂದು ಮಾತೂ ಕೇಳದೆ, “ಹಾಂ, ಸ್ವಲ್ಪ ನಗಿ” ಎಂದುಬಿಟ್ಟಿತು.

ನಕ್ಕನು. ಫ್ಲಾಶ್ ಬಿತ್ತು.

ಸದರಿ ಕೂಗು ಬಂದದ್ದು ಆಗಲೇ. ಅತ್ತೆಯವರು ದೀಪದ ಸ್ಟ್ಯಾಂಡು ಹಿಡಿದು, ಕೊಂದು ಹಾಕ್ತೀನಿ ನಿನ್ನ, ನನ್ ಮಗಳು ಅಲ್ಲಿ ಒಬ್ಬಳೇ ಕೂತು ಉಣ್ತಾಳೆ, ನೀನಿಲ್ಲಿ ನಗಿಸ್ತಾ ಕೂತ್ಕೋ ಎಂದು ನನ್ನತ್ತ ನಾಲ್ಕು ಅಡಿ ಬಂದದ್ದೂ ನಿಜ. ನನಗೆ ಗಾಯವಾಗಿಲ್ಲ. ಸ್ಟ್ಯಾಂಡಿಗೂ ಆಗಿಲ್ಲ.

ಸ್ವಲ್ಪ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಬಂದರು. ವಿಷಯ ತಿಳಿದು, ಅಷ್ಟೇನಾ, ನನ್ನ ಮುಖ ಕಂಡ್ರೆ ಕಳ್ಳರೂ ನಗಲ್ಲ ಎಂದು ಮೀಸೆ ತಿರುವಿ ಕ್ಯಾಮೆರಾದ ಪಕ್ಕ ನಿಂತರು. ಬೇಕರಿಯವನು ಮೀಸೆ ನೋಡಿ ಬಿದ್ದು ಬಿದ್ದು ನಕ್ಕನು. ಸಾಹೇಬರು ಮುಖ ಊದಿಸಿಕೊಂಡು, ಆಯ್ತಪ್ಪ, ನಮ್ಮ ಕೆಲಸ ನಾವು ಮಾಡೋಣ ಎಂದು ಕುರ್ಚಿ ಎಳೆದು ಕುಳಿತು, ಅವನನ್ನು ಸ್ಟೂಲಿನಿಂದ ಏಳಿಸದೆಯೇ ವಿವರ ಬರೆದುಕೊಳ್ಳತೊಡಗಿದರು. ಹೆಸರು ಹೇಳಿದನು. ವಯಸ್ಸು ಹೇಳಿದನು. ಖಾಯಂ ವಿಳಾಸ ಯಾವುದು ಎಂದು ಕೇಳಿದರು.

ಬೇಕರಿಯವನು ಬಾಯಿ ತೆರೆದು, ಮುಚ್ಚಿದನು. ಹೊರಡುವ ತಯಾರಿಯಲ್ಲಿ ಬೇಕರಿಯ ಬೀಗದ ಕೈ ನಿನ್ನೆಯೇ ಹೊಸಬರಿಗೆ ಹೋಗಿದೆ. ಬಾಡಿಗೆ ಮನೆ ಖಾಲಿಯಾಗಿದೆ. ಹೆಂಡತಿಯಿರುವ ಬೀದಿಯ ಹೆಸರು ಅವನ ನಾಲಿಗೆಗೆ ಇನ್ನೂ ಹೊರಳುವುದಿಲ್ಲ. ಅವನು ನೆಟ್ಟಗೆ ಎದುರು ನೋಡಿದನು. ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ. ಅತ್ತೆಯವರು ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ನಾನು ಗುಂಡಿ ಒತ್ತಿದೆನು.

ಐದಕ್ಕೆ ಹತ್ತು ನಿಮಿಷ ಇರುವಾಗ ಫೋಟೋವನ್ನು ಆನ್‌ಲೈನಿನಲ್ಲಿ ಕಳುಹಿಸಲಾಯಿತು. ಸ್ವೀಕರಿಸಲಾಗಿದೆ ಎಂಬ ಉತ್ತರ ಬರುವವರೆಗೆ ಸ್ಟುಡಿಯೋದಲ್ಲಿ ಯಾರೂ ಉಸಿರಾಡಿದ ನೆನಪು ನನಗಿಲ್ಲ. ಉತ್ತರ ಬಂದೊಡನೆ ಬೇಕರಿಯವನು ಸಾಹೇಬರನ್ನು ತಬ್ಬಿಕೊಂಡದ್ದರಿಂದ ಅವರ ಟೋಪಿ ಕೆಳಗೆ ಬಿತ್ತು, ಇದರಲ್ಲಿ ದುರುದ್ದೇಶವಿರಲಿಲ್ಲ.

ಟೋಪಿ ಕೊಡವಿಕೊಂಡು ಸಾಹೇಬರು, ಎಲ್ಲ ಸರಿ, ವಿಳಾಸದ ಜಾಗ ಖಾಲಿ ಇದೆಯಲ್ಲ ಎಂದರು. ನಮ್ಮನೇದು ಬರ್ಕೊಳ್ಳಿ ಎಂದ ಅತ್ತೆಯವರು, ಮನೆ ನಂಬರು, ಅಡ್ಡರಸ್ತೆ, ಗೇಟಿನ ಬಣ್ಣ ಸಮೇತ ನಿಧಾನವಾಗಿ ಬರೆಸಿದರು. ಅಲ್ಲೀದು ಬರೀ ಪರ್ಮಿಟ್ಟು ಸಾರ್, ಅವಧಿ ಮುಗಿಯುತ್ತೆ ಎಂದೂ ಸೇರಿಸಿದರು. ಇದನ್ನು ಬರೆಯುವ ಅಗತ್ಯವಿಲ್ಲವೆಂದು ಸಾಹೇಬರು ತಿಳಿಸಿ, ಬರೆದುಕೊಂಡರು.

ನನಗೆ ಯಾರ ಮೇಲೂ ದೂರಿಲ್ಲ. ನಾನು ಹೇಳಿದ್ದೆಲ್ಲ ನಡೆದದ್ದೇ. ಬರೆದದ್ದನ್ನು ಓದಿ ಹೇಳಿದಾಗ ಕೇಳಿ, ಸರಿಯಿದೆಯೆಂದು ಒಪ್ಪಿ ರುಜು ಹಾಕಿರುತ್ತೇನೆ.

ಸ್ಥಳ: ಸ್ಟುಡಿಯೋ
ದಿನಾಂಕ: ಅರ್ಜಿಯ ಕಡೇ ದಿನ, ಸಂಜೆ
ಸಹಿ: ಫೋಟೋದವನು