ಗೋಡೆ ಮೇಲಿನ ಬಟ್ಟಲು

...ಮೆತ್ತಗೆ, ಮದರ್ ಬೀ, ಮೆತ್ತಗೆ! ಬಾಗಿಲು ಮುಂದೆ ಮಾಡು. ಈ ಮಾತು ನಿನ್ನ ಹೊಟ್ಟೆಯಲ್ಲೇ ಇರಬೇಕು, ಮಗಳು ಕೌಸರ್‌ಗೂ ಹೇಳಕೂಡದು. ಆಣೆ ಮಾಡು... ಆಯ್ತು, ಮಾಡಿದೆ ಅಂದ್ಕೋತೀನಿ. ನೀನು ರಾಟೆ ನಿಲ್ಲಿಸಬೇಡ, ಕಂಡಿಕೆಗೆ ನೂಲು ಸುತ್ತುತ್ತಾ ಇರು. ಆ ಸದ್ದಿದ್ರೆ ಬೀದಿಯವರಿಗೆ ಈ ಸೂರಮ್ಮನ ದನಿ ಕೇಳಿಸೋದಿಲ್ಲ.

ನಮ್ಮಿಬ್ಬರ ಮನೆ ನಡುವಿನ ಮನೆಯೋಳು, ಆ ಮಂಜುಳಮ್ಮನ ವಿಷಯ! ಸಂಜೆ ಹಿರಿಯರು ಸೇರ್ತಾರೆ. ಅವಳನ್ನ ಆ ಮನೇಲಿ ಇಟ್ಕೋಬೇಕೋ, ತಲೆಗೂದಲು ಹಿಡಿದು ಊರಾಚೆ ಬಿಡಬೇಕೋ ಅಂತ ತೀರ್ಮಾನ. ನಿನ್ನನ್ನೂ ಕೇಳ್ತಾರೆ. ಅವಳು ಗಂಡನಿಗೆ ವಿಷ ಹಾಕೋದು ನನಗೂ ಗೊತ್ತಿತ್ತು ಅಂದ್ಬಿಡು, ಸಾಕು.

ಯಾಕೆ ನಗ್ತೀಯಾ? ಸುಳ್ಳಾ? ಅವಳ ಗಂಡ ಜಂಬುಲಿಂಗಪ್ಪನಿಗೆ ಬೆಂಗಳೂರಲ್ಲಿ ಎದೆ ಸೀಳಿ ಒಳಗೆ ಲೋಹದ ವಾಲ್ವು ಕೂರಿಸಿದ್ರಲ್ಲ, ಅದಕ್ಕೆ ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ಮಾತ್ರೆ, ಜೀವ ಇರೋ ತನಕ. ಅದೆಂಥ ಮಾತ್ರೆ ಗೊತ್ತಾ? ಮಂಜುಳಮ್ಮನೇ ನನ್ನ ಜಗುಲಿ ಮೇಲೆ ಕೂತು ಹೇಳಿದ್ಲು: "ಅತ್ತೆ, ಇಲಿಪಾಷಾಣಕ್ಕೆ ಹಾಕೋದೂ ಇದೇ ಜಾತಿ ಮದ್ದಂತೆ. ಅಳತೆಯಲ್ಲಿದ್ರೆ ಮನುಷ್ಯನ್ನ ಉಳಿಸ್ತೈತೆ, ಹೆಚ್ಚಾದ್ರೆ ರಕ್ತ ನಿಲ್ಲೋದೇ ಇಲ್ಲವಂತೆ." ನಗ್ತಾ ಹೇಳಿದ್ಲು, ನಗ್ತಾ!

ಅವನ ಹೊಟ್ಟೆ ನೋಡಿದ್ದೀಯಾ? ನೇರಳೆಹಣ್ಣು ಮೆತ್ತಿದಂಗೆ. ನೇಯೋವಾಗ ಮಗ್ಗದ ದಿಂಡು ಒತ್ತಿ ಆಗಿದ್ದು ಅಂತಾನೆ. ಈ ಬೀದೀಲಿ ಎಲ್ಲರಿಗೂ ದಿಂಡು ಒತ್ತುತ್ತೆ, ಯಾರ ಹೊಟ್ಟೆ ಹಂಗಾಗೈತೆ? ಮಾತ್ರೆ ತಿನ್ನೋರಿಗೆ ಮುಟ್ಟಿದ್ರೆ ಕಪ್ಪಾಗ್ತದಂತೆ. ಅಂತೆ! ಹೆಂಡ್ತಿ ಒದೀತಾಳೆ ಅಂದೆ ನಾನು. ಊರೆಲ್ಲ ನಂಬಿತು.

ಸೊಪ್ಪಿನ ಸಾರಿಗೆ ಪ್ರಾಣ ಬಿಡೋ ಗಂಡಸಿಗೆ ಅವಳು ಹಾಕೋದು ಒಂದೇ ಹಿಡಿ ಸೊಪ್ಪು, ವಾರವಾರವೂ ಅದೇ ಅಳತೆ. ಹೆಚ್ಚಾದ್ರೆ ಮಾತ್ರೆ ಕೆಲಸ ಮಾಡಲ್ವಂತೆ. ಹೊಟ್ಟೆ ಉರಿಯಲ್ವೇನೆ?

ನಾನು ಚಳ್ಳಕೆರೆಗೆ ಮಗಳ ಬಾಣಂತನಕ್ಕೆ ಹೋಗಿ ಹದಿನೈದು ದಿನ ಇದ್ದೆ. ಬರೋವಾಗ ಬಸ್ಸಲ್ಲಿ ಪಕ್ಕದಲ್ಲೇ ಜಂಬುಲಿಂಗಪ್ಪನ ಅಣ್ಣ, ಎಣ್ಣೆ ಮಿಲ್ಲಿನ ದೊಡ್ಡೀರಪ್ಪ! ಬಿಡ್ತೀನಾ? ಇಲಿಪಾಷಾಣ, ಒದೆ, ಎಲ್ಲಾ ಕಿವಿಗೆ ಹಾಕಿದೆ. ತಳಕು ದಾಟೋ ಹೊತ್ತಿಗೆ ಅವನ ಕಣ್ಣು ಕೆಂಡ. ನಮ್ಮೂರ ಹತ್ರದ ಹಾನಗಲ್ ಬರೋ ಹೊತ್ತಿಗೆ ಮುಷ್ಟಿ ಬಿಗಿ. ಇಬ್ಬರೂ ಅವಳ ಮನೆಗೆ ಕಾಲಿಟ್ರೆ... ಅಯ್ಯೋ ದೇವುಡಾ! ಜಂಬುಲಿಂಗಪ್ಪ ಕಾಲು ಇಳಿಬಿಟ್ಟು ಕೂರೋ ಮಗ್ಗದ ಗುಣಿಯಲ್ಲೇ ಮುಂದಕ್ಕೆ ಬಿದ್ದವ್ನೆ. ಮೂಗಲ್ಲಿ ರಕ್ತ, ಒಸಡಲ್ಲಿ ರಕ್ತ, ಅರ್ಧ ನೇಯ್ದ ಅರಿಶಿನ ಬಣ್ಣದ ಸೀರೆ ಮೇಲೆಲ್ಲ ರಕ್ತ! ಅವಳು ಸೆರಗಿಂದ ಒತ್ತಿ ಹಿಡಿದವಳೆ, ಸೆರಗು ತೊಟ್ಟಿಕ್ಕುತ್ತೈತೆ.

ದೊಡ್ಡೀರಪ್ಪ ಕೇಳಲಿಲ್ಲ, ಹೇಳಲಿಲ್ಲ. ಜಡೆ ಹಿಡಿದು ಎಳೆದ. ಮಗ್ಗದ ಕೋಲು ತಗೊಂಡು ಬಾರಿಸಿದ ನೋಡು... ಫಟ್! ಫಟ್! ತುಟಿ ಸೀಳಿತು, ಹಲ್ಲು ಉದುರಿತು. "ಮೊದಲು ಆಸ್ಪತ್ರೆಗೆ, ಭಾವ, ಆಮೇಲೆ ಕೊಲ್ಲು" ಅಂತ ಕಿರುಚ್ತಾ ಅವಳು ಗಂಡನ ಕಾಲು ಬಿಡಲೊಲ್ಲಳು. ಕೈ ಮೇಲೆ ತುಳಿದ. ಬೆರಳು ಲಟಕ್ಕಂದಿದ್ದು ಹೊಸಲಲ್ಲಿ ನಿಂತ ನನಗೇ ಕೇಳಿಸಿತು. ನೀನು ಓಡಿ ಬಂದು ಬಿಡಿಸಿದೆ, ನಿನಗ್ಯಾಕೆ ಬೇಕಿತ್ತು ಆ ಉಸಾಬರಿ?

ಅವನನ್ನ ಆಸ್ಪತ್ರೆಗೆ ಸೇರಿಸಿದ್ದಾಯ್ತು, ಈಗ ಅಲ್ಲಿನ ಡಾಕ್ಟ್ರು ಹೊಸ ಕಥೆ ಹೇಳ್ತಾನೆ. ವಿಷ ಯಾರೂ ಹಾಕಿಲ್ಲವಂತೆ! ಯಾರೋ ಕದ್ದು ಬಟ್ಟಲುಗಟ್ಟಲೆ ಸೊಪ್ಪು ತಿನ್ನಿಸವ್ರಂತೆ. ಅದಕ್ಕೇ ಪರೀಕ್ಷೆ ಮಾಡಿದಾಗೆಲ್ಲ ಮಾತ್ರೆ ಹತ್ತಿಲ್ಲ ಅಂತ ಕಂಡು ಅವರು ಮಾತ್ರೆ ಏರಿಸಿದ್ರಂತೆ. ಆಮೇಲೆ ಸೊಪ್ಪು ಗಕ್ಕನೆ ನಿಂತಿತಂತೆ, ಏರಿಸಿದ ಮಾತ್ರೆ ಹಂಗೇ ನಡೀತಂತೆ, ರಕ್ತ ಹಿಡಿಯೋರಿಲ್ಲದೆ ಹರೀತಂತೆ. ಸೊಪ್ಪು ತಿಂದು ಯಾರಾದ್ರೂ ಹಿಂಗಾಗ್ತಾರೇನೆ? ನಾನು ಚಳ್ಳಕೆರೆಗೆ ಹೋಗೋ ತನಕ ಗುಂಡುಕಲ್ಲಿನಂಗಿದ್ದ...

ರಾಟೆ ಯಾಕೆ ನಿಲ್ಲಿಸಿದೆ?

ಏನೇ ಹಂಗೆ ನೋಡ್ತೀಯಾ? ಗೋಡೆ ಕಡೆ ಏನೈತೆ? ತಿರುಗಿಸೇ ರಾಟೆ... ಮಾಳಿಗೆ ಮೇಲೆ ನೂಲು ಒಣಗಿಸೋವಾಗ ನೋಡಿದ್ದೀಯಾ? ಹೂಂ, ಗೋಡೆ ಮೇಲಿಂದ ಅವನಿಗೆ ಸೊಪ್ಪಿನ ಬಟ್ಟಲು ಕೊಟ್ಟೆ, ಒಂದೆರಡು ಸಲ. ದಿನಾ ಅಂತ ಯಾರಂದ್ರು? ನೀನಾ? ...ನೀನು ಬಾಯೇ ಬಿಟ್ಟಿಲ್ಲ. ಹಸಿದೋನಿಗೆ ಹಾಕಿದ್ದು ತಪ್ಪಾ? ಮಾತಾಡೇ, ಮದರ್ ಬೀ! ಸಂಜೆ ಏನು ಹೇಳ್ತೀಯಾ?

...ಸರಿ, ಕಂಡಿದ್ದನ್ನೇ ಹೇಳ್ತೀಯಾ, ಗೊತ್ತಾಯ್ತು ಬಿಡು.

ಬೆಳಿಗ್ಗೆ ಮಂಜುಳಮ್ಮ ಆಸ್ಪತ್ರೆಯಿಂದ ಬಂದಿದ್ಲು. ಕೈಗೆ ಪಟ್ಟಿ, ಬಾಯಿ ಊದಿ ಕುಂಬಳಕಾಯಿ. ಬೈತಾಳೆ ಅಂತ ನಾನೂ ಸೆರಗು ಕಟ್ಟಿ ನಿಂತಿದ್ದೆ. ಬೈಲಿಲ್ಲ. ನನ್ನ ಹೆಸರು ಕೆತ್ತಿಸಿದ ಸ್ಟೀಲ್ ಬಟ್ಟಲು ಜಗುಲಿ ಮೇಲಿಟ್ಟಳು, ಮಗ್ಗದ ಗುಣಿಯಲ್ಲಿ ಸಿಕ್ತಂತೆ. ತಳದಲ್ಲಿ ಸೊಪ್ಪು ಒಣಗಿ ಹಂಗೇ ಅಂಟಿತ್ತು. ಹಲ್ಲಿಲ್ಲದ ಸಂದಿಯಿಂದ, ನನ್ನ ಮುಖಕ್ಕೇ ಅಂದಳು:

"ಅವರು ಕಣ್ಣು ಬಿಟ್ಟು ಮೊದಲು ಕೇಳಿದ್ದು ನಿಮ್ಮನ್ನೇ, ಅತ್ತೆ. ಸೂರಮ್ಮತ್ತೆ ಸೊಪ್ಪು ಕಳಿಸಿಲ್ವಾ ಅಂತ. ಇನ್ನು ಗೋಡೆ ಮೇಲಿಂದ ಬೇಡ. ಸಂಜೆ ನಮ್ಮ ಭಾವ ಕೂತಿರ್ತಾರೆ, ಅವರ ಮುಂದೆ ತಂದು ಕೊಡ್ರಿ."